ಬೆಂಗಳೂರಲ್ಲಿ ಟ್ಯಾಕ್ಸಿ ಎಲ್ಲಿ, ಹೇಗೆ ಹಿಡಿಯೋದು? ಅಪ್ಪ-ಅಮ್ಮ ಇಬ್ಬರೇ ಹೊರಟಿದ್ದಾರೆ

ಕಕ್ಕಬ್ಬೆ ತೋಟದಮನೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪ-ಅಮ್ಮ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಬೇಕು. ಅಮ್ಮನಿಗೆ ಸ್ಟೆಂಟ್ ಹಾಕಿದ್ದು ಅಲ್ಲೇ, ಫೈಲೂ ಅಲ್ಲೇ ಇದೆ. ಹಾಗಾಗಿ ಮೈಸೂರಿನ ಜಯದೇವಕ್ಕೆ ಹೋಗಬಹುದಲ್ಲಾ ಅಂತ ಯಾರೂ ಹೇಳಬೇಡಿ, ಅದನ್ನು ಯೋಚಿಸಿ ಆಗಿದೆ. ಯಾವಾಗಲೂ ನಾನೇ ಜೊತೆಗೆ ಹೋಗುತ್ತಿದ್ದೆ. ಈಗ ಕಾಫಿ ಕುಯ್ಲು ಶುರುವಾಗಿದೆ, ಆಳುಗಳು ಸಿಕ್ಕಿದ್ದಾರೆ. ಈ ವಾರ ತೋಟ ಬಿಟ್ಟರೆ ಅವರು ಪಕ್ಕದ ತೋಟಕ್ಕೆ ಹೋಗಿಬಿಡುತ್ತಾರೆ.

ಮಡಿಕೇರಿಯಿಂದ ರಾತ್ರಿ ಬಸ್ಸು. ಸ್ಯಾಟಲೈಟ್ ನಿಲ್ದಾಣಕ್ಕೆ ನಾಲ್ಕೂವರೆ ಹೊತ್ತಿಗೆ ಮುಟ್ಟುತ್ತದೆ. ಆಸ್ಪತ್ರೆಯಲ್ಲಿ ಒಂಬತ್ತಕ್ಕೆ ಇರಬೇಕು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಕಷ್ಟ. ಅಪ್ಪನ ಹತ್ತಿರ ಸ್ಮಾರ್ಟ್‌ಫೋನ್ ಇದೆ, ಫೋನ್‌ಪೇ ಬರುತ್ತದೆ, ಟ್ಯಾಕ್ಸಿ ಆ್ಯಪ್ ಅಂದರೆ ಮಾತ್ರ ಹೆದರಿಕೆ. "ಅಲ್ಲೇ ಯಾರನ್ನಾದರೂ ಕೇಳಿ ಹೋಗ್ತೀವಿ ಬಿಡು" ಅನ್ನುತ್ತಾರೆ. ಆ ಹೊತ್ತಲ್ಲಿ ಅಲ್ಲಿ ಕೇಳಿದರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಗೊತ್ತಿರುವವರು ದಾರಿ ಹೇಳಿ.

ಗೋಣಿಕೊಪ್ಪದವ

ಮೊದಲನೆಯದಾಗಿ, ನಾಲ್ಕೂವರೆಗೆ ಮುಟ್ಟುವ ಬಸ್ಸು ಬೇಡ. ಒಂದೂವರೆ ಗಂಟೆ ತಡವಾಗಿ ಹೊರಡುವ ಬಸ್ಸು ನೋಡಿ, ಆರಕ್ಕೆ ಮುಟ್ಟಿದರೂ ಒಂಬತ್ತಕ್ಕೆ ಬೇಕಾದಷ್ಟು ಹೊತ್ತಿದೆ. ಬೆಂಗಳೂರಲ್ಲಿ ಟ್ಯಾಕ್ಸಿ ತೊಂದರೆಯಲ್ಲಿ ಅರ್ಧ ಬರುವುದೇ ಕತ್ತಲಲ್ಲಿ ಇಳಿಯುವುದರಿಂದ. ಅದೇ ಜಾಗ, ಅದೇ ಆಟೋ, ಬೆಳಗಾದ ಮೇಲೆ ಬೇರೆ ರೇಟು.

ಬೇರೆ ಬಸ್ಸು ಸಿಗಲಿಲ್ಲ ಅಂದರೆ ಇಳಿದ ತಕ್ಷಣ ಗೇಟಿನ ಹೊರಗೆ ಹೋಗದಿರಲಿ. ನಿಲ್ದಾಣದ ಒಳಗೆ ಕುರ್ಚಿ ಇದೆ, ಶೌಚಾಲಯ ಇದೆ, ಕಾಫಿ ಸಿಗುತ್ತದೆ. ಬೆಳಕಾಗುವವರೆಗೆ ಕೂತಿರಲಿ.

ಸಂಪಾಜೆಯಿಂದ

ಎಂತಕ್ಕೆ ಇಷ್ಟೆಲ್ಲ ಕಷ್ಟ ಮಾರಾಯ್ರೆ? ಊರಿನ ಪರಿಚಯದ ಕಾರು ಮಾಡಿಕೊಂಡು ಹೋಗಲಿ. ಹೃದಯದ ಕಾಯಿಲೆಯವರನ್ನು ರಾತ್ರಿ ಬಸ್ಸಲ್ಲಿ ಕುಲುಕಿಸಿಕೊಂಡು ಕರೆದುಕೊಂಡು ಹೋಗುವುದುಂಟಾ? ಡ್ರೈವರ್ ಗೊತ್ತಿದ್ದವನಾದರೆ ಆಸ್ಪತ್ರೆಯಲ್ಲಿ ಫೈಲ್ ಹಿಡಿದು ಕ್ಯೂ ಕೂಡ ನಿಲ್ಲುತ್ತಾನೆ. ನಮ್ಮ ಅತ್ತೆಯನ್ನು ಮಂಗಳೂರಿಗೆ ಕರೆದುಕೊಂಡು ಹೋಗುವಾಗೆಲ್ಲ ನಾವು ಹಾಗೇ ಮಾಡುವುದು.

ಕುಶಾಲನಗರ ಹಳದಿ ಬೋರ್ಡ್

ನಾನೇ ಟ್ಯಾಕ್ಸಿ ಇಟ್ಟಿರುವವನು, ಆದರೂ ನಿಜ ಹೇಳುತ್ತೇನೆ. ಇಬ್ಬರಿಗೋಸ್ಕರ ಒಂದು ದಿನದ ಚೆಕಪ್‌ಗೆ ಇಲ್ಲಿಂದ ಗಾಡಿ ಮಾಡುವುದು ಎಲ್ಲರ ಕೈಗೆಟುಕುವುದಿಲ್ಲ. ಮಡಿಕೇರಿಯಿಂದ ಹೋಗಿ ಬರಲು 530 ಕಿ.ಮೀ. ಹತ್ತಿರ ಆಗುತ್ತದೆ. ಕಿಲೋಮೀಟರಿಗೆ 14 ರೂಪಾಯಿ ಅಂತ ಹಿಡಿದರೂ 7,400 ದಾಟಿತು. ಅದರ ಮೇಲೆ ಡ್ರೈವರ್ ಬಾಟಾ, ಎಕ್ಸ್‌ಪ್ರೆಸ್‌ವೇ ಟೋಲು ಹೋಗುವಾಗ ಬರುವಾಗ ಎರಡೂ ಕಡೆ, ಆಸ್ಪತ್ರೆ ಹತ್ತಿರ ಪಾರ್ಕಿಂಗು. ಮಾತಾಡುವಾಗಲೇ ಇವೆಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಕೇಳಬೇಕು. ಬರೀ ಕಿಲೋಮೀಟರ್ ರೇಟು ಕೇಳಿ ಹತ್ತಿದರೆ ಬಂದಿಳಿದ ಮೇಲೆ ಮನಸ್ತಾಪ.

ಇನ್ನೊಂದು ವಿಷಯ. ರಾತ್ರಿಯಿಡೀ ಓಡಿಸಿಕೊಂಡು ಹೋದ ಡ್ರೈವರ್ ಮತ್ತೆ ಸಂಜೆ ನಿದ್ದೆಗೆಟ್ಟು ವಾಪಸ್ ಓಡಿಸುತ್ತಾನೆ. ಕಾರಲ್ಲೇ ಮಲಗಿದರೆ ಅದು ನಿದ್ದೆಯಲ್ಲ. ಒಂದೇ ದಿನದಲ್ಲಿ ಹೋಗಿಬರುವ ಬಾಡಿಗೆಯನ್ನು ನಾನು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಆಪರೇಷನ್ ಆಗಿ ಡಿಸ್ಚಾರ್ಜ್ ಆಗುವವರನ್ನು ಕರೆತರಬೇಕು, ಅಥವಾ ಮನೆಯವರು ನಾಲ್ಕೈದು ಜನ ಇದ್ದೀರಿ ಅಂದರೆ ಊರಿನ ಗಾಡಿ ಸರಿ. ಇಬ್ಬರೇ ಆದರೆ ಬಸ್ಸಲ್ಲಿ ಹೋಗಿ ಅಲ್ಲಿ ಟ್ಯಾಕ್ಸಿ ಹಿಡಿಯುವುದೇ ಸರಿ.

ಶನಿವಾರಸಂತೆ ಹುಡುಗಿ

ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ, ಊರಿಂದ ಬರುವವರಿಗೆಲ್ಲ ಒಂದೇ ಮಾತು ಹೇಳುತ್ತಿರುತ್ತೇನೆ. ಟ್ಯಾಕ್ಸಿಯನ್ನು ಎಲ್ಲಿ ಹಿಡಿಯಬೇಕು ಅನ್ನುವುದನ್ನು ಬಸ್ಸು ಹತ್ತುವ ಮೊದಲೇ ಲೆಕ್ಕ ಹಾಕಿ. ನಮ್ಮವರು ಕೊನೆಯ ಸ್ಟಾಪಿನವರೆಗೂ ಕೂತಿದ್ದು, ಇಳಿದು, ಆಮೇಲೆ "ಇಲ್ಲಿಂದ ಹೇಗೆ" ಅಂತ ಯೋಚಿಸುತ್ತಾರೆ. ಬೆಂಗಳೂರು ಅಷ್ಟು ಸಣ್ಣದಲ್ಲ.

ಮೈಸೂರು ರಸ್ತೆಯಲ್ಲಿ ಬರುವ ಬಸ್ಸು ಕೆಂಗೇರಿ, ರಾಜರಾಜೇಶ್ವರಿ ನಗರದ ಕಮಾನು, ನಾಯಂಡಹಳ್ಳಿ ದಾಟಿಯೇ ಸ್ಯಾಟಲೈಟಿಗೆ ಬರುವುದು. ವೈಟ್‌ಫೀಲ್ಡ್ ಕಡೆ ಹೋಗುವವರು ಕೆಂಗೇರಿಯಲ್ಲಿ ಇಳಿದು ನೇರಳೆ ಮೆಟ್ರೋ ಹತ್ತಿದರೆ ಬದಲಾಯಿಸದೇ ಕಾಡುಗೋಡಿವರೆಗೆ ಹೋಗಬಹುದು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ 43 ಕಿ.ಮೀ. ಮಾರ್ಗ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ಇಷ್ಟು ವರ್ಷ ಆದಮೇಲೂ ಸ್ಯಾಟಲೈಟಿನಿಂದ ವೈಟ್‌ಫೀಲ್ಡಿಗೆ ಟ್ಯಾಕ್ಸಿ ಮಾಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಕಡೆಯವರಿಗೆ ನಾಯಂಡಹಳ್ಳಿಯಲ್ಲಿ ರಿಂಗ್ ರೋಡ್ ಸಿಗುತ್ತದೆ. ನಮ್ಮ ಶನಿವಾರಸಂತೆ ಕಡೆಯವರು ಹಾಸನದ ಮೇಲೆ ಬಂದರೆ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಹಸಿರು ಮೆಟ್ರೋ ಪಕ್ಕದಲ್ಲೇ. ಮಲ್ಲೇಶ್ವರ, ಜಯನಗರಕ್ಕೆಲ್ಲ ಅದೇ ಸಾಕು, ಕೊನೆಯ ಒಂದೆರಡು ಕಿಲೋಮೀಟರಿಗೆ ಆಟೋ.

ನಿಮ್ಮ ಅಪ್ಪ-ಅಮ್ಮನ ವಿಷಯಕ್ಕೆ ಬಂದರೆ, ಸ್ಯಾಟಲೈಟಿಗೆ ಹತ್ತಿರದ ಮೆಟ್ರೋ ದೀಪಾಂಜಲಿ ನಗರ. ಅಲ್ಲಿಂದ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ಆರ್.ವಿ. ರೋಡ್, ಮತ್ತೆ ಬದಲಾಯಿಸಿ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ಸ್ಟೇಷನ್. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿದ್ದು. ಖರ್ಚು ಬಹಳ ಕಡಿಮೆ. ಆದರೆ ಎರಡು ಕಡೆ ಬದಲಾಯಿಸಬೇಕು, ಮೆಜೆಸ್ಟಿಕ್‌ನಲ್ಲಿ ನಡಿಗೆ ಜಾಸ್ತಿ. ಬೆಳಗಿನ ಹೊತ್ತು, ನಿದ್ದೆಗೆಟ್ಟು, ಮಂಡಿನೋವಿನ ಅಮ್ಮನ ಜೊತೆ ಬೇಡ. ಟ್ಯಾಕ್ಸಿಯೇ ಇರಲಿ.

ಕಕ್ಕಬ್ಬೆ ತೋಟದಮನೆ

ಹಳದಿ ಮೆಟ್ರೋ ಆಸ್ಪತ್ರೆ ಹತ್ತಿರವೇ ಹೋಗುತ್ತದೆ ಅಂತ ಗೊತ್ತೇ ಇರಲಿಲ್ಲ. ಟ್ಯಾಕ್ಸಿ ಅಂತಲೇ ಇಟ್ಟುಕೊಳ್ಳೋಣ. ಎಷ್ಟಾಗಬಹುದು? ಅಪ್ಪನಿಗೆ ಒಂದು ಅಂದಾಜು ಹೇಳಿ ಕಳಿಸಬೇಕು. ಹೋದ ವರ್ಷ ನಮ್ಮ ಪಕ್ಕದ ಮನೆಯವರ ಹತ್ತಿರ ಸ್ಯಾಟಲೈಟಿನಲ್ಲಿ ಒಬ್ಬ 800 ತಗೊಂಡಿದ್ದ, ಅದೂ ಬಸವನಗುಡಿಗೆ.

ಸ್ಟೇರಿಂಗ್ ಸೋಮವಾರಪೇಟೆ

ಅಕ್ಕ, ನಾನು ಸೋಮವಾರಪೇಟೆಯವನು, ಬೆಂಗಳೂರಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಲೆಕ್ಕ ನಾನು ಕೊಡುತ್ತೇನೆ, ಬರೆದಿಟ್ಟುಕೊಳ್ಳಿ.

2024ರ ಫೆಬ್ರವರಿಯಲ್ಲಿ ಸರ್ಕಾರ ಟ್ಯಾಕ್ಸಿಗೆ ಒಂದೇ ದರ ಮಾಡಿತು. 10 ಲಕ್ಷದ ಒಳಗಿನ ಗಾಡಿ ಆದರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಹತ್ತರಿಂದ ಹದಿನೈದು ಲಕ್ಷದ್ದಾದರೆ 115 ಮತ್ತು 28. ಅದಕ್ಕೂ ಮೇಲಿನದಾದರೆ 130 ಮತ್ತು 32. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ. 10 ಜಾಸ್ತಿ. ಕಾಯುವುದಕ್ಕೆ ಮೊದಲ 5 ನಿಮಿಷ ಪುಕ್ಕಟೆ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ಆ್ಯಪ್‌ನವರು ಶೇ. 5 ಜಿಎಸ್‌ಟಿ ಮತ್ತು ಟೋಲ್ ಸೇರಿಸಬಹುದು.

ಆಟೋ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮೀಟರಿನ ಒಂದೂವರೆಯಷ್ಟು.

ಸ್ಯಾಟಲೈಟಿನಿಂದ ಜಯದೇವಕ್ಕೆ 11 ಕಿ.ಮೀ. ಅಂದುಕೊಳ್ಳಿ. ಸಣ್ಣ ಟ್ಯಾಕ್ಸಿಗೆ 268. ಆರು ಗಂಟೆಗೆ ಮೊದಲಾದರೆ 295. ಜಿಎಸ್‌ಟಿ ಸೇರಿ 310. ಅದೇ ದೂರಕ್ಕೆ ಆಟೋ ಮೀಟರಿನಲ್ಲಿ 198, ಐದಕ್ಕೆ ಮೊದಲು ಹತ್ತಿದರೆ 297. ನೋಡಿ, ನಾಲ್ಕೂವರೆಗೆ ಕಾನೂನು ಪ್ರಕಾರವೇ ಆಟೋಗೂ ಟ್ಯಾಕ್ಸಿಗೂ ವ್ಯತ್ಯಾಸ ಇಲ್ಲ. ಆ ಚಳಿಯಲ್ಲಿ ಆಟೋದಲ್ಲಿ ಗಾಳಿ ಕುಡಿದುಕೊಂಡು ಹೋಗುವುದಕ್ಕಿಂತ ಟ್ಯಾಕ್ಸಿಯೇ ವಾಸಿ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಆಟೋ ಅಂದರೆ ಯಾವ ಹೊತ್ತಲ್ಲೂ ಅಗ್ಗ ಅಂತ ಹತ್ತಿಬಿಡುತ್ತಾರೆ.

ಆ್ಯಪ್‌ಗಳು ಇದೇ ದರ ತೋರಿಸುತ್ತವೆ ಅಂತ ಮಾತ್ರ ಹೇಳಲಾರೆ. ಒಮ್ಮೊಮ್ಮೆ ಇದಕ್ಕಿಂತ ಕಡಿಮೆ, ಮಳೆ ಬಂದರೆ, ಆಫೀಸ್ ಬಿಡುವ ಹೊತ್ತಾದರೆ ಜಾಸ್ತಿ. ಆದರೂ ಈ ಲೆಕ್ಕ ತಲೆಯಲ್ಲಿದ್ದರೆ 800 ಅಂದವನಿಗೆ ಏನು ಹೇಳಬೇಕು ಅಂತ ಅಪ್ಪನಿಗೆ ಗೊತ್ತಿರುತ್ತದೆ. 350ರ ಒಳಗೆ ಆದರೆ ಒಪ್ಪಿಕೊಳ್ಳಲಿ.

ವಿರಾಜಪೇಟೆ ನಿವೃತ್ತ

ಸೋಮವಾರಪೇಟೆಯ ಹುಡುಗನಿಗೆ ಧನ್ಯವಾದ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ನಮ್ಮಂಥ ಮಾಜಿ ಸೈನಿಕರು ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ ಹೋಗುವವರು ಕೊಡಗಿನಲ್ಲಿ ಬಹಳ ಜನ. ಅವರಿಗಾಗಿ ಬರೆಯುತ್ತೇನೆ. ಸ್ಯಾಟಲೈಟಿನಿಂದ ನೇರ ಟ್ಯಾಕ್ಸಿ ಮಾಡಿದರೆ ಊರಿನ ನಡುವೆ ಪೂರ್ತಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿದು ಅಲ್ಲಿಂದ ಆಟೋ ಹಿಡಿಯಿರಿ. ರೈಲು ಬೆಳಗ್ಗೆ 5ಕ್ಕೆ ಶುರು, ಭಾನುವಾರ ಮಾತ್ರ 7ಕ್ಕೆ. ಹಿರಿಯರು ಲಿಫ್ಟ್ ಕೇಳಿ ಉಪಯೋಗಿಸಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನೊಂದು. ಡ್ರೈವರಿಗೆ ಬರೀ "ಕಮಾಂಡ್" ಅಂದರೆ ಸಾಲದು, ಯಾವ ಗೇಟು ಅಂತಲೂ ಹೇಳಿ. ಕಂಟೋನ್ಮೆಂಟ್ ಜಾಗದಲ್ಲಿ ತಪ್ಪು ಗೇಟಿಗೆ ಇಳಿಸಿದರೆ ಸುತ್ತಿಕೊಂಡು ನಡೆಯಬೇಕಾಗುತ್ತದೆ.

ಗೋಣಿಕೊಪ್ಪದವ

ಹೆಸರಿನ ವಿಷಯ ಬಂದಿದ್ದು ಒಳ್ಳೆಯದಾಯಿತು. ಬೆಂಗಳೂರಲ್ಲಿ ಬ್ಯಾಟರಾಯನಪುರ ಎರಡಿವೆ. ಒಂದು ಸ್ಯಾಟಲೈಟ್ ಇರುವ ಮೈಸೂರು ರಸ್ತೆಯಲ್ಲಿ, ಇನ್ನೊಂದು ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ. ನಡುವೆ ಇಡೀ ಊರೇ ಇದೆ. "5ನೇ ಕ್ರಾಸ್" ಅಂತೂ ಪ್ರತಿ ಬಡಾವಣೆಯಲ್ಲೂ ಇದೆ. ಆ್ಯಪ್‌ನಲ್ಲಿ ಹೆಸರು ಹೊಡೆದು ಮೊದಲು ಬಂದಿದ್ದನ್ನೇ ಒತ್ತಬೇಡಿ. ಹೋಗುವ ಮನೆಯವರಿಂದ ವಾಟ್ಸಾಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳಿ. ಜಯದೇವ ಅಂತ ಹೊಡೆದರೂ ಬನ್ನೇರುಘಟ್ಟ ರಸ್ತೆ ಅಂತ ಇದೆಯಾ ನೋಡಬೇಕು.

ಕಕ್ಕಬ್ಬೆ ತೋಟದಮನೆ

ನಾನೇ ಇಲ್ಲಿಂದ ಬುಕ್ ಮಾಡಿದರೆ ಆಗುವುದಿಲ್ಲವಾ? ಬೇರೆಯವರಿಗೆ ಬುಕ್ ಮಾಡುವ ಆಯ್ಕೆ ಇದೆ ಅಂತ ಕೇಳಿದ್ದೇನೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ, ಕಾಫಿ ಒಣಗಿಸುವ ಕಣದ ಕೊನೆಯ ಕಟ್ಟೆ ಮೇಲೆ ನಿಂತರೆ ಎರಡು ಕಡ್ಡಿ. ಐದು ಗಂಟೆಗೆ ಎದ್ದು ಅಲ್ಲಿ ನಿಲ್ಲಲು ನನಗೇನೂ ತೊಂದರೆ ಇಲ್ಲ.

ಶನಿವಾರಸಂತೆ ಹುಡುಗಿ

ಆಗುತ್ತದೆ. ಊಬರ್‌ನಲ್ಲಿ ಅಪ್ಪನ ನಂಬರ್ ಹಾಕಿ ಬುಕ್ ಮಾಡಿದರೆ ಗಾಡಿ ನಂಬರು, ಡ್ರೈವರ್ ವಿವರ, ಪಿನ್ ಎಲ್ಲ ಅಪ್ಪನ ಫೋನಿಗೇ ಮೆಸೇಜ್ ಹೋಗುತ್ತದೆ. ಗಾಡಿ ಎಲ್ಲಿದೆ ಅಂತ ನಿಮಗೂ ಕಾಣಿಸುತ್ತದೆ. ಆದರೆ ಎರಡು ಕಡ್ಡಿ ಸಿಗ್ನಲ್ ನಂಬಿಕೊಂಡು ಇದೊಂದೇ ಉಪಾಯ ಇಟ್ಟುಕೊಳ್ಳಬೇಡಿ. ಡ್ರೈವರ್ ಕರೆ ಮಾಡಿ "ಎಲ್ಲಿದ್ದೀರಾ" ಅಂದಾಗ ನಿಮ್ಮ ಲೈನ್ ಕಟ್ಟಾದರೆ ಆತ ಕ್ಯಾನ್ಸಲ್ ಮಾಡಿ ಹೋಗುತ್ತಾನೆ.

ಅಪ್ಪನಿಗೆ "ನಮ್ಮ ಯಾತ್ರಿ" ಆ್ಯಪ್ ಹಾಕಿಕೊಡಿ, ಭಾಷೆ ಕನ್ನಡ ಅಂತ ಆರಿಸಿಕೊಡಿ. ಎಲ್ಲ ಕನ್ನಡದಲ್ಲೇ ಬರುತ್ತದೆ. 2022ರಲ್ಲಿ ಬೆಂಗಳೂರಿನ ಆಟೋದವರ ಸಂಘದ ಜೊತೆ ಸೇರಿ ಶುರುವಾಗಿದ್ದು ಅದು, ಮೊದಲು ಆಟೋ ಮಾತ್ರ ಇತ್ತು, 2024ರಲ್ಲಿ ಕ್ಯಾಬ್ ಕೂಡ ಬಂತು. ದುಡ್ಡು ನೇರ ಡ್ರೈವರಿಗೆ, ಕ್ಯಾಶ್ ಕೊಡಬಹುದು, ಅಪ್ಪನಿಗೆ ಬರುವ ಫೋನ್‌ಪೇನಲ್ಲೂ ಹಾಕಬಹುದು. ಕಾರ್ಡ್ ಜೋಡಿಸುವ ತಾಪತ್ರಯವೇ ಇಲ್ಲ. ಹೊರಡುವ ಮೊದಲು ಮಡಿಕೇರಿಯಲ್ಲಿ ಸಿಗ್ನಲ್ ಇರುವ ಕಡೆ ಕೂತು ಆ್ಯಪ್ ತೆರೆದು ಎಲ್ಲಿ ಏನು ಒತ್ತಬೇಕು ಅಂತ ತೋರಿಸಿ. ಜಯದೇವವನ್ನು ಫೇವರಿಟ್‌ನಲ್ಲಿ ಮೊದಲೇ ಸೇರಿಸಿಟ್ಟರೆ ಅಲ್ಲಿ ಹೋಗಿ ಟೈಪ್ ಮಾಡುವ ಕೆಲಸವೂ ಉಳಿಯಿತು.

ಸ್ಟೇರಿಂಗ್ ಸೋಮವಾರಪೇಟೆ

ಸ್ಯಾಟಲೈಟಿನಲ್ಲಿ ದೊಡ್ಡ ಸಮಸ್ಯೆ ಪಿಕಪ್ ಜಾಗದ್ದು. ಬಸ್ಸು ನಿಲ್ಲುವ ಅಂಕಣದೊಳಗೇ ನಿಂತು ಬುಕ್ ಮಾಡಿದರೆ ಲೊಕೇಶನ್ ಒಮ್ಮೊಮ್ಮೆ ರಸ್ತೆಯ ಆಚೆ ಬದಿ ತೋರಿಸುತ್ತದೆ. ನಾವು ಆಚೆ ಬಂದು ನಿಂತು ಕರೆ ಮಾಡುತ್ತೇವೆ, ಇವರು ಈಚೆ "ಬಸ್‌ಸ್ಟ್ಯಾಂಡ್ ಹತ್ತಿರ ಇದ್ದೇವೆ" ಅನ್ನುತ್ತಾರೆ. ಈಚೆ ಬರಲು ಯೂ ಟರ್ನ್‌ಗೆ ನಾವು ಬಹಳ ದೂರ ಹೋಗಬೇಕು. ಅಲ್ಲಿಗೆ ಜಗಳ.

ಅಪ್ಪ ಹೀಗೆ ಮಾಡಲಿ. ಅಮ್ಮನನ್ನು ಒಳಗೆ ಕೂರಿಸಿ, ಗೇಟಿನ ಹೊರಗೆ ಬಂದು ಯಾವುದಾದರೂ ಒಂದು ಅಂಗಡಿ ಬೋರ್ಡ್ ನೋಡಿಕೊಳ್ಳಲಿ. ಡ್ರೈವರ್ ಕರೆ ಮಾಡಿದಾಗ ಆ ಬೋರ್ಡಿನ ಹೆಸರು ಹೇಳಲಿ, ಹಾಗೇ "ನಾನು ನಿಲ್ದಾಣದ ಬದಿಯಲ್ಲೇ ಇದ್ದೇನೆ, ಆಚೆ ಬದಿಯಲ್ಲಲ್ಲ" ಅಂತಲೂ ಹೇಳಲಿ. ಗಾಡಿ ಬಂದಮೇಲೆ ಅಮ್ಮನನ್ನು ಕರೆಯಲಿ. ಡ್ರೈವರ್ ಎರಡು ನಿಮಿಷ ಕಾಯುತ್ತಾನೆ, ವಯಸ್ಸಾದವರು ಅಂದರೆ ಯಾರೂ ಬಿಟ್ಟು ಹೋಗುವುದಿಲ್ಲ.

ಬಸ್ಸಿನ ಬಾಗಿಲಿಗೇ ಬಂದು "ಎಲ್ಲಿಗೆ ಸಾರ್, ಎಲ್ಲಿಗೆ" ಅಂತ ಬ್ಯಾಗಿಗೆ ಕೈ ಹಾಕುವವರಿಗೆ ಬ್ಯಾಗ್ ಕೊಡದಿರಲಿ. ಬ್ಯಾಗ್ ಡಿಕ್ಕಿಗೆ ಹೋದಮೇಲೆ ರೇಟು ಮಾತಾಡಿದರೆ ಬಲ ಅವನದ್ದೇ. ಬಿಳಿ ಬೋರ್ಡಿನ ಕಾರಿಗೆ ಯಾವ ಕಾರಣಕ್ಕೂ ಹತ್ತಬೇಡಿ. ಹಳದಿ ಬೋರ್ಡು, ಕಪ್ಪು ಅಕ್ಷರ ಅಂದರೆ ಬಾಡಿಗೆ ಗಾಡಿ. ಹಸಿರು ಬೋರ್ಡಿನಲ್ಲಿ ಹಳದಿ ಅಕ್ಷರ ಇದ್ದರೆ ಅದೂ ಬಾಡಿಗೆಯದ್ದೇ, ಬ್ಯಾಟರಿ ಗಾಡಿ. ಹಸಿರಿನಲ್ಲಿ ಬಿಳಿ ಅಕ್ಷರ ಆದರೆ ಸ್ವಂತದ್ದು. ಇಷ್ಟು ನೆನಪಿಟ್ಟುಕೊಂಡರೆ ಕತ್ತಲಲ್ಲೂ ಗೊತ್ತಾಗುತ್ತದೆ.

ಅಮ್ಮತ್ತಿ ಅಕ್ಕ

ಇಲ್ಲಿ ಡ್ರೈವರ್ ಒಬ್ಬರು ಸಿಕ್ಕಿದ್ದಾರಲ್ಲ, ಒಂದು ಪ್ರಶ್ನೆ ಕೇಳಿಯೇ ಬಿಡುತ್ತೇನೆ. ಬುಕ್ ಆದಮೇಲೆ ಕರೆ ಮಾಡಿ "ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?" ಅಂತ ಕೇಳಿ, ಉತ್ತರ ಇಷ್ಟ ಆಗಲಿಲ್ಲ ಅಂದರೆ "ನೀವೇ ಕ್ಯಾನ್ಸಲ್ ಮಾಡಿ ಮೇಡಂ" ಅನ್ನುತ್ತೀರಲ್ಲ, ಯಾಕೆ? ಮಗಳ ಹಾಸ್ಟೆಲ್‌ಗೆ ಸಾಮಾನು ತಗೊಂಡು ಹೋದಾಗ ಒಂದರ ಮೇಲೊಂದು ಮೂರು ಗಾಡಿಯವರು ಹಾಗೆ ಮಾಡಿದರು. ಬಿಸಿಲಲ್ಲಿ ಹಾಸಿಗೆ ಸುರುಳಿ, ಟ್ರಂಕು ಇಟ್ಟುಕೊಂಡು ರಸ್ತೆ ಬದಿ ನಿಂತಿದ್ದೆವು.

ಸ್ಟೇರಿಂಗ್ ಸೋಮವಾರಪೇಟೆ

ನ್ಯಾಯವಾದ ಪ್ರಶ್ನೆ ಅಕ್ಕ. ಹಾಗೆ ಮಾಡುವುದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಕಾರಣ ಮಾತ್ರ ಹೇಳುತ್ತೇನೆ.

ಸಂಜೆ ಆರಕ್ಕೆ ಸರ್ಜಾಪುರದ ಕಡೆ ಬಾಡಿಗೆ ಬಿದ್ದರೆ ಹೋಗಲು ಒಂದೂವರೆ ಗಂಟೆ, ಅಲ್ಲಿಂದ ಖಾಲಿ ವಾಪಸ್. ಡೀಸೆಲ್ ಕಳೆದರೆ ಆ ಬಾಡಿಗೆಯಲ್ಲಿ ಉಳಿಯುವುದು ಏನೂ ಇಲ್ಲ. ಕ್ಯಾಶ್ ಕೇಳುವುದು ಯಾಕೆ ಅಂದರೆ, ಆನ್‌ಲೈನ್ ದುಡ್ಡು ಕಂಪನಿ ಖಾತೆಗೆ ಹೋಗಿ ಕಮಿಷನ್ ಕಳೆದು ಆಮೇಲೆ ಬರುತ್ತದೆ. ಡೀಸೆಲ್ ಬಂಕಿನವನು ಅಲ್ಲಿಯವರೆಗೆ ಕಾಯುವುದಿಲ್ಲ. ಕಂತಿನ ಗಾಡಿ ಆದರೆ ತಿಂಗಳ ಕೊನೆಯಲ್ಲಿ ಇನ್ನೂ ಕಷ್ಟ. ಈಗ ಕಮಿಷನ್ ಬಿಟ್ಟು ದಿನಕ್ಕೆ ಇಷ್ಟು ಅಂತ ಕಟ್ಟುವ ಪದ್ಧತಿ ಬರುತ್ತಿದೆ, ಅದರಿಂದ ಸ್ವಲ್ಪ ಉಸಿರಾಡುವಂತಾಗಿದೆ. 2025ರ ಫೆಬ್ರವರಿಯಿಂದ ಊಬರ್ ಆಟೋದಲ್ಲೂ ದುಡ್ಡು ನೇರ ಆಟೋದವನಿಗೇ. ಹಾಗಾಗಿ ಆಟೋ ಹತ್ತುವವರು ಆ್ಯಪ್‌ನಲ್ಲಿ ದುಡ್ಡು ಕಟ್ ಆಗುತ್ತದೆ ಅಂತ ಸುಮ್ಮನೆ ಇಳಿದು ಹೋಗಬಾರದು, ಕೈಗೆ ಕೊಡಬೇಕು.

ನೀವು ಮಾಡಬೇಕಾದ್ದು ಇಷ್ಟು. ಡ್ರೈವರ್ ಹೇಳಿದ ಅಂತ ನೀವಾಗಿ ಕ್ಯಾನ್ಸಲ್ ಮಾಡಬೇಡಿ, ದಂಡ ನಿಮ್ಮ ಮೇಲೆ ಬೀಳಬಹುದು. ಮಾಡಲೇಬೇಕಾದರೆ ಕಾರಣ ಕೇಳುವಲ್ಲಿ "ಡ್ರೈವರ್ ಕ್ಯಾನ್ಸಲ್ ಮಾಡಲು ಹೇಳಿದ" ಅನ್ನುವುದನ್ನೇ ಒತ್ತಿ. ಅದು ನಮ್ಮ ಲೆಕ್ಕಕ್ಕೆ ಬರುತ್ತದೆ. ಸಾಮಾನು ಜಾಸ್ತಿ ಇದ್ದರೆ ಕರೆ ಬಂದಾಗಲೇ "ಟ್ರಂಕು ಇದೆ, ಹಾಸಿಗೆ ಇದೆ" ಅಂತ ಹೇಳಿ. ಬಂದಮೇಲೆ ನೋಡಿ ಮುಖ ಸಿಂಡರಿಸುವುದಕ್ಕಿಂತ ಮೊದಲೇ ಗೊತ್ತಾದರೆ ಇಬ್ಬರಿಗೂ ಒಳ್ಳೆಯದು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಗಾಡಿಯಲ್ಲಿ ಟ್ರಂಕು ಇಡಲು ಜಾಗವೇ ಇರುವುದಿಲ್ಲ.

ಅಮ್ಮತ್ತಿ ಅಕ್ಕ

ಸಿಲಿಂಡರ್ ವಿಷಯ ಗೊತ್ತಿರಲಿಲ್ಲ. ಆವತ್ತು ಒಬ್ಬ ಡಿಕ್ಕಿ ತೆಗೆಯಲು ಒಪ್ಪದೇ ಇದ್ದಿದ್ದು ಅದಕ್ಕೇ ಇರಬೇಕು. ಉತ್ತರಕ್ಕೆ ಥ್ಯಾಂಕ್ಸ್ ತಮ್ಮ.

ಸಾಮಾನಿಗೆ ಬೇರೆ ದುಡ್ಡು ಕೊಡಬೇಕಾ? ನಾವು ಯಾರ ಮನೆಗೆ ಹೋದರೂ ಕೈಯಲ್ಲಿ ಕಿತ್ತಳೆ ಚೀಲ, ಕಾಫಿ ಪುಡಿ, ಬಾಳೆಗೊನೆ ಇದ್ದೇ ಇರುತ್ತದೆ.

ಕುಶಾಲನಗರ ಹಳದಿ ಬೋರ್ಡ್

ಅದೇ 2024ರ ಆದೇಶದ ಪ್ರಕಾರ ಟ್ಯಾಕ್ಸಿಯಲ್ಲಿ 120 ಕೆ.ಜಿ.ವರೆಗೆ ಪುಕ್ಕಟೆ. ಒಂದು ಗೊನೆಗೆ ಯಾರೂ ಕೇಳುವ ಹಾಗಿಲ್ಲ. ಆಟೋದಲ್ಲಿ ಮಾತ್ರ 20 ಕೆ.ಜಿ. ದಾಟಿದರೆ ಪ್ರತಿ 20 ಕೆ.ಜಿ.ಗೆ 10 ರೂಪಾಯಿ. ಕೊಟ್ಟುಬಿಡಿ, ಅದರಲ್ಲಿ ಚೌಕಾಸಿ ಬೇಡ.

ಸಂಪಾಜೆಯಿಂದ

ಇಷ್ಟೆಲ್ಲ ಓದಿದ ಮೇಲೆ ಇಬ್ಬರಿಗೆ ಬಸ್ಸೇ ಸರಿ ಅನಿಸಿತು, ಒಪ್ಪಿದೆ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗುವಾಗ ಎಂತ ನೋಡಬೇಕು ಅಂತ ಯಾರಾದರೂ ಬರೆಯಿರಿ. ನನ್ನ ಮಗಳು ಇಂಟರ್‌ವ್ಯೂಗೆ ಹೋಗುವವಳಿದ್ದಾಳೆ.

ಶನಿವಾರಸಂತೆ ಹುಡುಗಿ

ಹತ್ತುವ ಮೊದಲು ನಂಬರ್ ಪ್ಲೇಟು ಹೊಂದಿಸಿ ನೋಡಬೇಕು, ಪೂರ್ತಿ ನಂಬರು. ಬರೀ ಕಾರಿನ ಬಣ್ಣ ನೋಡಿ ಹತ್ತಬಾರದು. "ಬೇರೆ ಗಾಡಿ ಕಳಿಸಿದ್ದಾರೆ ಮೇಡಂ" ಅಂದರೆ ಹತ್ತುವುದೇ ಬೇಡ. ಓಟಿಪಿಯನ್ನು ಫೋನಿನಲ್ಲಿ ಹೇಳಬಾರದು, ಗಾಡಿಯಲ್ಲಿ ಕೂತಮೇಲೆ ಹೇಳಬೇಕು. ಫೋನಿನಲ್ಲೇ ಓಟಿಪಿ ತಗೊಂಡು ಟ್ರಿಪ್ ಶುರು ಮಾಡಿದರೆ ಗಾಡಿ ಬರುವ ಮೊದಲೇ ಮೀಟರ್ ಓಡುತ್ತಿರುತ್ತದೆ. ಕೂತ ಕೂಡಲೇ ಟ್ರಿಪ್ ಶೇರ್ ಮಾಡಿ ನಿಮಗೆ ಕಳಿಸಲಿ, ಗಾಡಿ ಹೋಗುತ್ತಿರುವುದು ನಿಮ್ಮ ಫೋನಿನಲ್ಲಿ ಕಾಣುತ್ತದೆ. ಹಿಂದಿನ ಸೀಟಿನ ಬಾಗಿಲು ಒಳಗಿನಿಂದ ತೆರೆಯುತ್ತದಾ ಅಂತ ಹೊರಡುವ ಮೊದಲೇ ಒಮ್ಮೆ ತೆರೆದು ಮುಚ್ಚಿ ನೋಡಲಿ. ಚೈಲ್ಡ್ ಲಾಕ್ ಹಾಕಿದ್ದರೆ ತೆಗೆಸಲಿ. ತುರ್ತಿಗೆ 112.

ಇಂಟರ್‌ವ್ಯೂ ಜಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಆಗಿದ್ದರೆ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಟ್ಯಾಕ್ಸಿ ನಂಬಬೇಡಿ, ಎರಡೂ ಕಡೆ ಮೆಟ್ರೋ ಇದೆ. ಮದುವೆ ಸೀರೆಗೆ ಚಿಕ್ಕಪೇಟೆಗೆ ಬರುವವರಿಗೂ ಇದೇ ಮಾತು. ಚಿಕ್ಕಪೇಟೆಗೆ ಸ್ಟೇಷನ್ನೇ ಇದೆ. ಆ ಗಲ್ಲಿಗಳಿಗೆ ಟ್ಯಾಕ್ಸಿ ತಗೊಂಡು ಹೋದರೆ ನೀವು ಇಳಿದು ನಡೆದು ಸೀರೆ ಆರಿಸಿ ಮುಗಿಸಿದರೂ ಗಾಡಿ ಅಲ್ಲೇ ನಿಂತಿರುತ್ತದೆ.

ನಾಪೋಕ್ಲು ಹೋಂಸ್ಟೇ

ವಿಮಾನ ನಿಲ್ದಾಣದ ಬಗ್ಗೆಯೂ ಯಾರಾದರೂ ಹೇಳಿ. ತಮ್ಮ ದುಬೈಯಿಂದ ಬರುತ್ತಿದ್ದಾನೆ, ಬೆಂಗಳೂರಲ್ಲಿ ಇಳಿಯುತ್ತಾನೆ.

ಸ್ಟೇರಿಂಗ್ ಸೋಮವಾರಪೇಟೆ

ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬರುತ್ತವೆ. ಬುಕ್ ಮಾಡುವಾಗ ಟರ್ಮಿನಲ್ 2 ಅಂತಲೇ ಹಾಕಬೇಕು, 1ರ ಪಿಕಪ್ ಬೇರೆ. ಹೊರಗೆ ಬಂದ ಕೂಡಲೇ "ಟ್ಯಾಕ್ಸಿ ಬೇಕಾ" ಅನ್ನುವವರ ಜೊತೆ ಹೋಗದೆ, ಬೋರ್ಡ್ ನೋಡಿಕೊಂಡು ಆ್ಯಪ್ ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಹೋಗಲಿ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಟ್ಯಾಕ್ಸಿಗಳೂ ಇರುತ್ತವೆ. ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ. ಇರುವುದರಿಂದ, ಒಬ್ಬನೇ ಆದರೆ ಕೆಐಎ-9 ವಾಯು ವಜ್ರ ಬಸ್ಸು ಬಹಳ ಉಳಿತಾಯ. ಇನ್ನೂ ಒಳ್ಳೆಯದು ಅಂದರೆ ಮೈಸೂರಿಗೆ ನೇರ ಫ್ಲೈಬಸ್. ಬೆಂಗಳೂರು ಊರಿನೊಳಗೆ ಟ್ಯಾಕ್ಸಿಯ ಗೋಜೇ ಇಲ್ಲ, ಮೈಸೂರಿನಲ್ಲಿ ಮಡಿಕೇರಿ ಬಸ್ಸು ಹತ್ತಬಹುದು.

ವಿರಾಜಪೇಟೆ ನಿವೃತ್ತ

ಇನ್ನು ಮುಂದಕ್ಕೆ ಟಿಕೆಟ್ ಮಾಡುವಾಗ ಕಣ್ಣೂರು ವಿಮಾನ ನಿಲ್ದಾಣವನ್ನೂ ನೋಡಲು ಹೇಳಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. 2018ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ಕೊಲ್ಲಿ ದೇಶದವರು ಬಹಳ ಜನ ಅದರಲ್ಲೇ ಓಡಾಡುತ್ತಾರೆ.

ನಿರ್ವಾಹಕ

ಡ್ರೈವರ್‌ಗಳ ಫೋನ್ ನಂಬರನ್ನು ಇಲ್ಲಿ ಹಾಕಬೇಡಿ. ಎರಡು ಉತ್ತರ ತೆಗೆದಿದ್ದೇನೆ. ಬೇಕಾದವರು ಖಾಸಗಿಯಾಗಿ ಕೇಳಿಕೊಳ್ಳಿ.

ಕಕ್ಕಬ್ಬೆ ತೋಟದಮನೆ

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಅಪ್ಪ-ಅಮ್ಮ ನಿನ್ನೆ ರಾತ್ರಿ ಕ್ಷೇಮವಾಗಿ ಮನೆಗೆ ಬಂದರು. ಅಮ್ಮನ ರಿಪೋರ್ಟ್ ಚೆನ್ನಾಗಿದೆ, ಮಾತ್ರೆ ಒಂದು ಕಡಿಮೆ ಮಾಡಿದ್ದಾರೆ.

ತಡವಾಗಿ ಹೊರಡುವ ಬಸ್ಸು ಸಿಕ್ಕಿತು, ಐದೂವರೆ ದಾಟಿದ ಮೇಲೆ ಮುಟ್ಟಿದರು. ನಾನು ಕಣದ ಕಟ್ಟೆ ಮೇಲೆ ನಿಂತು ಬುಕ್ ಮಾಡಲು ತಯಾರಾಗಿದ್ದೆ. ಅಷ್ಟರಲ್ಲಿ ಅಪ್ಪನೇ ನಮ್ಮ ಯಾತ್ರಿಯಲ್ಲಿ ಕ್ಯಾಬ್ ಬುಕ್ ಮಾಡಿ ಕರೆ ಮಾಡಿದರು. ಬೇಕರಿ ಬೋರ್ಡಿನ ಕೆಳಗೆ ನಿಂತು ಡ್ರೈವರಿಗೆ ಅದರ ಹೆಸರು ಹೇಳಿದರಂತೆ, ಒಂದೇ ಕರೆಯಲ್ಲಿ ಗಾಡಿ ಬಂತು. ಡ್ರೈವರ್ ಮಂಡ್ಯದವರು. ಅಮ್ಮನ ಕಾಲು ನೋವು ನೋಡಿ ಅವರೇ ಇಳಿದು ಬಾಗಿಲು ಹಿಡಿದುಕೊಂಡರಂತೆ. ಮುನ್ನೂರು ದಾಟಿ ಸ್ವಲ್ಪ ಆಯಿತು, ನಿಮ್ಮ ಲೆಕ್ಕಕ್ಕೆ ಹತ್ತಿರವೇ.

ವಾಪಸ್ ಬರುವಾಗ ಸಂಜೆ ನಾಲ್ಕೂವರೆ. ಆ್ಯಪ್‌ನಲ್ಲಿ ಬೆಳಗಿನ ಎರಡರಷ್ಟು ತೋರಿಸಿತಂತೆ, ಒಂದೂ ಕಾಲು ಗಂಟೆ ದಾರಿ ಬೇರೆ. ಅಮ್ಮನೇ "ರೈಲಲ್ಲಿ ಹೋಗೋಣ" ಅಂದರಂತೆ. ಜಯದೇವ ಸ್ಟೇಷನ್‌ನಲ್ಲಿ ಲಿಫ್ಟ್ ಕೇಳಿ ಹತ್ತಿದರು, ಎರಡೂ ಕಡೆ ಬದಲಾಯಿಸುವಾಗ ಸಿಬ್ಬಂದಿ ದಾರಿ ತೋರಿಸಿದರು. ಮೆಜೆಸ್ಟಿಕ್‌ನಲ್ಲಿ ಮಾತ್ರ ಕೂತು ಕೂತು ನಡೆಯಬೇಕಾಯಿತಂತೆ. ದೀಪಾಂಜಲಿ ನಗರದಿಂದ ನಿಲ್ದಾಣಕ್ಕೆ ಆಟೋ ಕೇಳಿದರೆ ಇಷ್ಟು ಹತ್ತಿರಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬರು 50 ಕೇಳಿದರು, ಅಪ್ಪ ಕೊಟ್ಟರು.

ಸ್ಟೇರಿಂಗ್ ಸೋಮವಾರಪೇಟೆ

50 ಕೊಟ್ಟಿದ್ದು ಸರಿಯೇ ಅಕ್ಕ. ಮಿನಿಮಮ್ಮೇ 36 ಇದೆ, ಅಮ್ಮನ ಕಾಲಿಗೆ ಆ 14 ರೂಪಾಯಿ ದೊಡ್ಡದಲ್ಲ. ಮುಂದಿನ ಚೆಕಪ್‌ಗೆ ಬರುವಾಗ ಸಂಜೆ ಬಸ್ಸನ್ನು ಸ್ವಲ್ಪ ತಡದ್ದು ನೋಡಿ, ರಾತ್ರಿ ಒಂಬತ್ತರ ಮೇಲೆ ಹೊರಡುವಂಥದ್ದು. ಅಷ್ಟು ಹೊತ್ತಿಗೆ ರಸ್ತೆಯೂ ಬಿಡುತ್ತದೆ, ಟ್ಯಾಕ್ಸಿ ದರವೂ ಇಳಿಯುತ್ತದೆ, ಜಯದೇವದಿಂದ ಸ್ಯಾಟಲೈಟಿಗೆ ನೇರ ಕೂತು ಬರಬಹುದು.

ಕಕ್ಕಬ್ಬೆ ತೋಟದಮನೆ

ಮುಂದಿನದು ಏಪ್ರಿಲ್‌ನಲ್ಲಿ. ಒಂಬತ್ತೂವರೆ ಬಸ್ಸಿಗೆ ಈಗಲೇ ಗುರುತು ಹಾಕಿಕೊಂಡಿದ್ದೇನೆ.